ಮೂರು ಕಾರ್ಡಿನಲ್ಲೂ ಅಜ್ಜನ ಹುಟ್ಟಿದ ದಿನ ಒಂದೇ ಇದ್ದರೆ ಅದು ನಿಜವೇ?

ತರವಾಡು ಮನೆಯಲ್ಲಿ ಎಲ್ಲರೂ ಸೇರಿದಾಗ ಯಾರೋ ಬರೆದ ವಂಶವೃಕ್ಷ ಫೋಟೋ ಆಗಿ ಕುಟುಂಬದ ಹತ್ತು ವಾಟ್ಸಾಪ್ ಗುಂಪು ಸುತ್ತುತ್ತದೆ. ಹಿಂದೆಯೇ ಚರ್ಚೆ: "ಅಜ್ಜ ಹುಟ್ಟಿದ್ದು ಆ ದಿನ ಅಲ್ಲ", "ಅವರು ಮಗನಲ್ಲ, ಅಳಿಯ". ಆಗ ಒಬ್ಬರು ಆಧಾರ್, ವೋಟರ್ ಐಡಿ, ಪಿಂಚಣಿ ಪುಸ್ತಕದ ಫೋಟೋ ಹಾಕಿ "ಮೂರರಲ್ಲೂ ಒಂದೇ ಇದೆ, ಇನ್ನೇನು ಬೇಕು?" ಎನ್ನುತ್ತಾರೆ.

ಆ ಮೂರೂ ಒಂದೇ ಕಡೆಯಿಂದ ನಕಲಾಗಿರಬಹುದು. ಪುತ್ತೂರು, ಸುಳ್ಯ, ಕಡಬದ ಹಿರಿಯರ ಕಾರ್ಡುಗಳಲ್ಲಿ ಜೂನ್ 1 ಎಷ್ಟು ಸಲ ಕಾಣುತ್ತದೆ ಎಂದು ನಿಮ್ಮ ಮನೆಯಲ್ಲೇ ನೋಡಿ. ಆಗ ಹೆಚ್ಚಿನ ಹೆರಿಗೆ ಮನೆಯಲ್ಲೇ, ಜನನ ನೋಂದಣಿ ಅಪರೂಪ. ಜೂನ್‌ನಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೋಗುವಂತೆ ಮಾಸ್ಟ್ರು ಒಂದು ತಾರೀಕು ಬರೆಯುತ್ತಿದ್ದರು. ಮುಂದೆ ಎಲ್ಲ ಕಡೆ ಅದೇ ಇಳಿಯಿತು. ಕಾಗದ ಮೂರು, ಸಾಕ್ಷಿ ಒಂದೇ. ಎಷ್ಟು ದಾಖಲೆ ಇವೆ ಎಂಬುದಕ್ಕಿಂತ ಪ್ರತಿಯೊಂದಕ್ಕೂ ಮಾಹಿತಿ ಕೊಟ್ಟವರು ಯಾರು, ಯಾವಾಗ, ಯಾತಕ್ಕೆ ಎಂದು ಕೇಳಬೇಕು.

ಇದಕ್ಕೆ ನಮ್ಮೂರಿನಲ್ಲೇ ಒಳ್ಳೆಯ ಸುಳಿವುಗಳಿವೆ. ತುಳುವರಲ್ಲಿ ಹುಟ್ಟಿದ ವಾರದ ಹೆಸರಿಡುವ ರೂಢಿಯಿತ್ತು: ಐತ ಆದಿತ್ಯವಾರದವನು, ಅಂಗಾರ ಮಂಗಳವಾರದವನು, ತುಕ್ರ ಶುಕ್ರವಾರದವನು, ತನಿಯ ಶನಿವಾರದವನು. ಉದಾಹರಣೆಗೆ, ತುಕ್ರಪ್ಪ ಎಂಬ ಅಜ್ಜನ ಕಾರ್ಡಿನಲ್ಲಿ 1952ರ ಜೂನ್ 1 ಎಂದಿದೆ ಎಂದುಕೊಳ್ಳಿ. ಫೋನಿನ ಕ್ಯಾಲೆಂಡರ್ ಹಿಂದಕ್ಕೆ ತಳ್ಳಿದರೆ ಅಂದು ಭಾನುವಾರ. ಅವರ ಅಕ್ಕ "ಆಟಿಯಲ್ಲಿ ಹುಟ್ಟಿದವ" ಎನ್ನುತ್ತಾರೆ. ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ವರ್ಷ ಸರಿಯಿದ್ದರೆ ಆ ತಿಂಗಳ ನಾಲ್ಕೈದು ಶುಕ್ರವಾರಗಳಷ್ಟೇ ಉಳಿಯುತ್ತವೆ! ಹಾಗೆಂದು ಹೆಸರೊಂದನ್ನೇ ನಂಬಬಾರದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟದ್ದೂ ಉಂಟು. ಆದರೆ ಅಕ್ಕನ ನೆನಪು ಶಾಲೆಯ ಪುಸ್ತಕದಿಂದ ಬಂದದ್ದಲ್ಲ. ಅದಕ್ಕೇ ಅದಕ್ಕೆ ಬೆಲೆ.

ನೆನಪನ್ನೂ ತೂಗಿ ನೋಡಬೇಕು. ಉಪ್ಪಿನಂಗಡಿ ಕಡೆ "ಬೊಳ್ಳ ಬಂದ ವರ್ಷ" ಎಂದರೆ 1923 ಇರಬಹುದು, 1974 ಕೂಡ ಇರಬಹುದು. ಹೇಳುವವರು ಅದನ್ನು ಕಣ್ಣಾರೆ ಕಂಡರೋ, ಅಮ್ಮನಿಂದ ಕೇಳಿದರೋ ಎಂದು ಕೇಳಿ.

ಇನ್ನು ಊರಿನ ವಿಷಯ. ಒಂದು ಕಾಗದದಲ್ಲಿ ಉಪ್ಪಿನಂಗಡಿ ತಾಲೂಕು, ಇನ್ನೊಂದರಲ್ಲಿ ಪುತ್ತೂರು, ಮತ್ತೊಂದರಲ್ಲಿ ಸುಳ್ಯ, ಈಗಿನದರಲ್ಲಿ ಕಡಬ ಎಂದಿದ್ದರೆ ಕುಟುಂಬ ಊರೂರು ಅಲೆಯಿತೆಂದು ಕಥೆ ಕಟ್ಟಬೇಡಿ. ಮನೆ ಅಲ್ಲೇ ಇತ್ತು, ತಾಲೂಕಿನ ಹೆಸರು ಬದಲಾಯಿತು. ಕಡಬ ತಾಲೂಕು ಶುರುವಾದದ್ದೇ 2018ರಲ್ಲಿ. ಸುಳ್ಯದಲ್ಲಿದ್ದ ಸುಬ್ರಹ್ಮಣ್ಯ ಈಗ ಅದರೊಳಗಿದೆ. 1956ರ ನವೆಂಬರ್ 1ಕ್ಕೆ ಮೊದಲಿನ ಕಾಗದದಲ್ಲಿ ಮದ್ರಾಸ್ ಎಂದಿರುವುದೇ ಸರಿ. ಅಮರ ಸುಳ್ಯ ಸೀಮೆಯಂತೂ 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಅಲ್ಲಿನ ಅರಸರ ಕೈಯಲ್ಲಿತ್ತು.

ನಿಜವಾದ ಗೋಜಲು ಇರುವುದು ಜಾಗದ ದಾಖಲೆಯಲ್ಲಿ. ಹಳೆಯ ಅಡಂಗಲಿನಲ್ಲಿ ಒಬ್ಬರ ಹೆಸರು, ಅವರ ನಂತರ ಇನ್ನೊಬ್ಬರದು. ನೋಡಿದವರು ತಂದೆ, ಮಗ ಎಂದು ಗೆರೆ ಎಳೆಯುತ್ತಾರೆ. ಅಳಿಯಸಂತಾನದ ಮನೆಯಾದರೆ ಎರಡನೆಯವರು ತಮ್ಮನೋ, ಅಕ್ಕತಂಗಿಯರ ಮಗನೋ ಆಗಿರುವ ಸಾಧ್ಯತೆಯೇ ಹೆಚ್ಚು. ಯಜಮಾನನ ಸ್ವಂತ ಮಕ್ಕಳು ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಅದೇ ಎರಡನೆಯವರ ಶಾಲೆ ದಾಖಲೆಯಲ್ಲಿ ತಂದೆಯ ಹೆಸರು ಬೇರೆ ಇದ್ದರೆ ಎರಡೂ ಸರಿ: ಶಾಲೆ ಕೇಳಿದ್ದು ತಂದೆ ಯಾರೆಂದು, ಅಡಂಗಲು ಹೇಳಿದ್ದು ಜಾಗ ಯಾರ ಹೆಸರಿನಲ್ಲಿತ್ತೆಂದು. ಖಾತ್ರಿಗೆ ಬರಿ (ಬಳಿ) ಕೇಳಿ. ಬರಿ ತಾಯಿಯಿಂದ ಬರುತ್ತದೆ, ಒಂದೇ ಬರಿಯೊಳಗೆ ಮದುವೆ ಇಲ್ಲ. ಹಾಗಾಗಿ ಇಬ್ಬರದೂ ಒಂದೇ ಬರಿಯಾದರೆ ಅವರು ತಂದೆ, ಮಗ ಆಗಿರುವುದು ಕಷ್ಟ. ಮಕ್ಕಳಕಟ್ಟಿನ ಮನೆಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಇಂಥ ಮನೆಗಳ ವಂಶವೃಕ್ಷದಲ್ಲಿ ಹೆಂಗಸರನ್ನು ಬಿಟ್ಟು ಗಂಡಸರನ್ನಷ್ಟೇ ಬರೆದರೆ ಮಾವನಿಂದ ಅಳಿಯನಿಗೆ ಕೊಂಡಿಯೇ ಸಿಗುವುದಿಲ್ಲ. ಆದರೂ ಫಾರ್ವರ್ಡ್ ಆಗುವ ಹಲವು ಪಟ್ಟಿಗಳಲ್ಲಿ "ಪುತ್ರಿಯರು 3" ಎಂದಷ್ಟೇ ಇರುತ್ತದೆ. ಪೌತಿ ಖಾತೆಗೆ ಅರ್ಜಿ ಹಾಕುವಾಗ ಯಾರಾದರೂ ಇದನ್ನೇ ನೋಡಿಕೊಂಡು ಅಫಿಡವಿಟ್ ಮಾಡಿಸಿದರೆ ಹೆಸರಿಲ್ಲದ ಆ ಮೂವರ ಪಾಲು ಕೋರ್ಟಿನ ಬಾಗಿಲಿಗೆ ಹೋಗಬಹುದು.

ಹೊಂದಿಕೆಯಾಗದ ಎರಡು ಮಾಹಿತಿಯಲ್ಲಿ ಒಂದನ್ನು ಅಳಿಸಿಬಿಡಬೇಡಿ. "ಶಾಲೆ ದಾಖಲೆ: 1-6-1952. ಅಕ್ಕ ಹೇಳಿದ್ದು: ಆಟಿ ತಿಂಗಳು" ಎಂದು ಎರಡನ್ನೂ ಬರೆಯಿರಿ, ಅಕ್ಕನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಗುಂಪಿಗೆ ಕಳಿಸುವಾಗ ಆಧಾರ್ ಕಾರ್ಡಿನ ಫೋಟೋ ಮಾತ್ರ ಬೇಡ.