ಹೆಸರು ವಾದ್ಯದ್ದು, ನಾದ ಬೆರಳಿನದು

ಮನೆಯ ಹುಡುಗನೊಬ್ಬ ಬೇಸ್ ಗಿಟಾರು ಕಲಿಯುವೆನೆಂದು ಹೊರಟು, 'ಕೊಂಡರೆ ಇಂಥ ವಾದಕರ ಸಹಿಯಿರುವುದನ್ನೇ ಕೊಳ್ಳಬೇಕು' ಎಂದು ಹಟ ಹಿಡಿದರೆ ಹಿರಿಯರೇನು ಮಾಡಬೇಕು? ಹಣದ ಚೀಲ ಬಿಚ್ಚುವ ಮೊದಲು ತುಸು ಯೋಚಿಸಿರೆಂದು ನಾವು ಹೇಳುತ್ತೇವೆ. ಈ ವಾದ್ಯದ ತವರಾದ ಅಮೇರಿಕದಲ್ಲಿಯೂ ಸಹಿಯ ಬೇಸ್‌ಗಳು ಭರದಿಂದ ಮಾರಾಟವಾಗುವುದು ಅಪರೂಪವೇ.

ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ನಾಲ್ಕು ತಂತಿಯ ವಾದ್ಯವನ್ನು ಪೇಟೆಗೆ ತಂದರು. 1960ರಲ್ಲಿ ಅವರದೇ ಕಂಪನಿಯ 'ಜಾಜ್ ಬೇಸ್' ಬಂದಿತು. 1952ರಲ್ಲಿ ಗಿಬ್ಸನ್ ಕಂಪನಿ ಲೆಸ್ ಪಾಲ್ ಅವರ ಹೆಸರಿನಲ್ಲಿ ಹೊರತಂದ ಗಿಟಾರು ಲೋಕಪ್ರಸಿದ್ಧವಾಯಿತು. ಬೇಸ್‌ಗೆ ಆ ಭಾಗ್ಯ ಏಕಿಲ್ಲ?

ಮೊದಲನೆಯದಾಗಿ, ಬೇಸ್ ವಾದಕನು ತಂಬೂರಿ ಮೀಟುವವನಂತೆ ಹಿಂದೆ ನಿಲ್ಲುವವನು. ಮೋಟೌನ್ ಸಂಸ್ಥೆಯ ಎಷ್ಟೋ ಪ್ರಸಿದ್ಧ ಹಾಡುಗಳಿಗೆ ಜೇಮ್ಸ್ ಜೇಮರ್‌ಸನ್ ಬೇಸ್ ನುಡಿಸಿದರು. ಆದರೆ 1971ರ ವರೆಗೆ ಆ ಮುದ್ರಿಕೆಗಳ ಮೇಲೆ ಅವರ ಹೆಸರೇ ಅಚ್ಚಾಗಲಿಲ್ಲ. ಕೇಳುಗರಿಗೆ ತಿಳಿಯದ ಹೆಸರು ವಾದ್ಯವನ್ನು ಹೇಗೆ ಮಾರೀತು?

ಎರಡನೆಯದಾಗಿ, ಒಬ್ಬನ ಕೈಗೆ ಒಗ್ಗಿದ್ದು ಇನ್ನೊಬ್ಬನಿಗೆ ಒಗ್ಗದು. ಜಾಕೋ ಪಾಸ್ಟೋರಿಯಸ್ ನುಡಿಸಿದ್ದು ಮೆಟ್ಟುಗಳಿಲ್ಲದ ಜಾಜ್ ಬೇಸ್. ಅವರು 1987ರಲ್ಲಿ ತೀರಿಕೊಂಡ ಮೇಲೆ, 1999ರಲ್ಲಿ, ಅಂಥದೇ ವಾದ್ಯ ಅವರ ಹೆಸರಿನಲ್ಲಿ ಬಂದಿತು. ಮೆಟ್ಟಿಲ್ಲದಲ್ಲಿ ಸ್ವರಸ್ಥಾನವನ್ನು ಕಿವಿಯೇ ಹುಡುಕಬೇಕು. ಹೊಸಬನಿಗೆ ಅದು ಸುಲಭದ ಮಾತಲ್ಲ. ಬೆಲೆಯೂ ಹಲವು ವೇಳೆ ಸಾಮಾನ್ಯ ಮಾದರಿಗಿಂತ ಹೆಚ್ಚು. ಸಾಲದುದಕ್ಕೆ, ತನ್ನದೇ ದನಿ ಹುಡುಕುತ್ತಿರುವ ವಾದಕನಿಗೆ ಪರರ ಸಹಿ ಹೊತ್ತು ವೇದಿಕೆ ಏರಲು ಸಂಕೋಚ.

ಇದಕ್ಕೆ ಅಪವಾದವೂ ಉಂಟು. ಕೆನಡಾದ ಗೆಡ್ಡಿ ಲೀ ಅವರ ಹೆಸರಿನ ಜಾಜ್ ಬೇಸ್ 1998ರಿಂದ ಚೆನ್ನಾಗಿ ನಡೆಯಿತು. ಕಾರಣ ಗೂಢವೇನಲ್ಲ: ಅದು 1970ರ ದಶಕದ ಒಳ್ಳೆಯ ಜಾಜ್ ಬೇಸಿನ ರೂಪ. ಅವರ ಹಾಡು ಕೇಳದವನಿಗೂ ಅದು ಒದಗುತ್ತಿತ್ತು.

ಜೇಮರ್‌ಸನ್ ಬಹುತೇಕ ಒಂದೇ ತೋರುಬೆರಳಿನಿಂದ ನುಡಿಸುತ್ತಿದ್ದರು. ಹಳೆಯ ತಂತಿಗಳನ್ನು ಬದಲಿಸುತ್ತಿದ್ದುದೂ ವಿರಳ. ಅವರ ವಾದ್ಯವಾದರೋ ಅಂಗಡಿಯ ಸಾಮಾನ್ಯ ಪ್ರಿಸಿಷನ್ ಬೇಸ್! ಆ ಬೆರಳನ್ನು ಯಾವ ಕಾರ್ಖಾನೆ ಮಾಡಿಕೊಟ್ಟೀತು?

ಮಿರಜಿಗೆ ಹೋಗಿ ತಂಬೂರಿ ಕೊಳ್ಳುವ ನಮ್ಮವರು ತಂತಿ ಮೀಟಿ, ನಾದ ಕೇಳಿ ಆರಿಸುತ್ತಾರೆ. ಹುಡುಗನನ್ನೂ ಅಂಗಡಿಗೆ ಕರೆದೊಯ್ಯಿರಿ; ವಾದ್ಯವನ್ನು ಅವನ ಕೈಗೆ ಕೊಟ್ಟು ನೋಡಿರಿ. ಸಹಿಗೆಂದು ತೆಗೆದಿಟ್ಟ ಹಣ ಉಳಿದರೆ ಒಳ್ಳೆಯ ಗುರುವಿಗೆ ಸಲ್ಲಲಿ. ನಾಳೆ ಅವನ ನುಡಿಸಾಣಿಕೆಯೇ ಅವನ ಸಹಿಯಾದೀತು.