ಮೊದಲ ಸಾಲಿನಲ್ಲಿ ಅಡಗಿದ ಮೂರು ಬೈಟುಗಳು

ಬ್ರೌಸರ್ ಕೇಳಿದ ಪುಟಕ್ಕೆ ಸರ್ವರ್ ಕಳುಹಿಸುವ ಉತ್ತರದಲ್ಲಿ ಮೊದಲು ಹೆಡರ್ ಎಂಬ ಶಿರೋಭಾಗವೂ, ಒಂದು ಖಾಲಿ ಸಾಲಿನ ಬಳಿಕ ಓದುಗನ ಕಣ್ಣಿಗೆ ಬೀಳುವ ಪುಟದ ಒಡಲೂ ಇರುತ್ತವೆ. ಕುಕಿ ಎಂಬ ಗುರುತುಚೀಟಿಯನ್ನು ಬ್ರೌಸರಿಗೆ ಒಪ್ಪಿಸುವ, ಬಳಕೆದಾರನನ್ನು ಇನ್ನೊಂದು ವಿಳಾಸಕ್ಕೆ ಕಳುಹಿಸುವ ಸೂಚನೆಗಳೆಲ್ಲ ಶಿರೋಭಾಗಕ್ಕೆ ಸೇರಿದವು. ಖಾಲಿ ಸಾಲು ದಾಟಿದ ಮೇಲೆ ಬಂದುದೆಲ್ಲವನ್ನೂ ಬ್ರೌಸರ್ ಒಡಲೆಂದೇ ಪರಿಗಣಿಸುವುದರಿಂದ ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ.

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿಯಲ್ಲಿ ಪುಟದ ಪಠ್ಯವೂ ಸರ್ವರ್ ನಡೆಸಬೇಕಾದ ಆದೇಶಗಳೂ ಒಂದೇ ಫೈಲಿನಲ್ಲಿ ಬೆರೆತಿರಬಹುದಾದ್ದರಿಂದ, ಆದೇಶದ ಆರಂಭ ಮತ್ತು ಅಂತ್ಯ ಚಿಹ್ನೆಗಳ ಹೊರಗೆ ಉಳಿದ ಒಂದು ಖಾಲಿ ಜಾಗವೂ ಒಡಲಿನ ಭಾಗವಾಗುತ್ತದೆ. ಒಡಲಿನ ಮೊದಲ ಬೈಟು ಹೊರಬೀಳುವ ಮುನ್ನ ಶಿರೋಭಾಗ ಹೊರಟುಹೋಗಿರುತ್ತದೆ. ಆಮೇಲೆ ಕುಕಿ ಇಡಲು ಅಥವಾ ಲಾಗಿನ್ ನೆನಪಿಡುವ ಸೆಷನ್ ತೆರೆಯಲು ಹೊರಟರೆ, ಹೆಡರ್ ಈಗಾಗಲೇ ಹೋಗಿಬಿಟ್ಟಿದೆ ಎಂಬ ಎಚ್ಚರಿಕೆ ಬರುತ್ತದೆ, ಮತ್ತು ಸರಿಯಾದ ಪಾಸ್‌ವರ್ಡ್ ಕೊಟ್ಟವನೂ ಲಾಗಿನ್ ಪುಟದಲ್ಲೇ ಉಳಿಯುತ್ತಾನೆ.

ಈ ಎಚ್ಚರಿಕೆಯಲ್ಲಿ ಎರಡು ಫೈಲುಗಳ ಹೆಸರೂ ಎರಡು ಸಾಲುಸಂಖ್ಯೆಗಳೂ ಇರುತ್ತವೆ. ಕೊನೆಯಲ್ಲಿ, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ, ಕಾಣುವ ಸಾಲು ಹೆಡರ್ ಬದಲಿಸಲು ಯತ್ನಿಸಿ ಸೋತ ಜಾಗವಾಗಿದ್ದು, ಹೊಸಬರು ಗಂಟೆಗಟ್ಟಲೆ ತಡಕಾಡುವುದು ಅಲ್ಲಿಯೇ. ಆದರೆ ಆ ಸಾಲಿನಲ್ಲಿ ಬಹುಮಟ್ಟಿಗೆ ಯಾವ ತಪ್ಪೂ ಇರುವುದಿಲ್ಲ. ಆವರಣದೊಳಗಿನ ಸಾಲೇ ಒಡಲು ಹೊರಬೀಳತೊಡಗಿದ ಜಾಗ, ಹುಡುಕಾಟ ಶುರುವಾಗಬೇಕಾದ್ದೂ ಅಲ್ಲಿಂದಲೇ. ಅಲ್ಲಿ ಪರೀಕ್ಷೆಗೆಂದು ಬರೆದು ಅಳಿಸಲು ಮರೆತ ಎಕೋ ಆದೇಶವಿರಬಹುದು, ಬೇರೊಂದು ದೋಷದ ಎಚ್ಚರಿಕೆಯೇ ತೆರೆಯ ಮೇಲೆ ಅಚ್ಚಾಗಿರಬಹುದು, ಇಲ್ಲವೇ ಅಂತ್ಯಚಿಹ್ನೆಯ ಕೆಳಗೆ ಖಾಲಿ ಸಾಲುಗಳು ಉಳಿದಿರಬಹುದು. ಅಂತ್ಯಚಿಹ್ನೆಗೆ ತಾಗಿದ ಒಂದೇ ಸಾಲುಮುರಿತವನ್ನು ಪಿಎಚ್‌ಪಿ ನುಂಗಿಕೊಳ್ಳುತ್ತದೆ, ಎರಡನೆಯದನ್ನು ನುಂಗುವುದಿಲ್ಲ. ಆದಕಾರಣ ಬರೀ ಆದೇಶಗಳಿರುವ ಫೈಲಿನಲ್ಲಿ ಅಂತ್ಯಚಿಹ್ನೆಯನ್ನೇ ಬರೆಯಬಾರದೆಂಬ ಪಿಎಸ್‌ಆರ್-12 ಶೈಲಿನಿಯಮ ತೀರಾ ಯೋಗ್ಯವಾದುದು.

ಹೊರಹೋಗುವ ಪಠ್ಯವನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಔಟ್‌ಪುಟ್ ಬಫರನ್ನು ಚಾಲೂ ಮಾಡಿದರೆ ಎಚ್ಚರಿಕೆ ಮಾಯವಾಗುವುದೇನೋ ನಿಜ, ಆದರೆ ಇದನ್ನು ಪರಿಹಾರವೆನ್ನಲಾಗದು. ಪಿಎಚ್‌ಪಿಯೊಂದಿಗೆ ಬರುವ ಮಾದರಿ ಸಂರಚನಾ ಫೈಲುಗಳಲ್ಲಿ ಈ ಬಫರಿನ ಅಳತೆ 4096 ಬೈಟು. ಅಷ್ಟು ತುಂಬುವವರೆಗೆ ದೋಷ ಮರೆಯಲ್ಲಿದ್ದು, ಪುಟ ಬೆಳೆದಾಗಲೋ ಬಫರ್ ಇಲ್ಲದ ಸರ್ವರಿಗೆ ಸ್ಥಳಾಂತರವಾದಾಗಲೋ ಮರಳಿ ತಲೆಯೆತ್ತುತ್ತದೆ.

ಕನ್ನಡದಲ್ಲಿ ತಾಣ ಕಟ್ಟುವವರನ್ನು ವಿಶೇಷವಾಗಿ ಕಾಡಿರುವುದು ಕಣ್ಣಿಗೆ ಕಾಣದ ಕಾರಣವೊಂದು. ಯುಟಿಎಫ್-8 ಸಂಕೇತದಲ್ಲಿ ‘ಕ’ ಅಕ್ಷರವು 224, 178, 149 ಎಂಬ ಮೂರು ಬೈಟುಗಳಾಗಿ ಉಳಿಯುತ್ತದೆ. ಹಳೆಯ ವಿಂಡೋಸ್ ನೋಟ್‌ಪ್ಯಾಡಿನಲ್ಲಿ ಹೀಗೆ ಉಳಿಸಿದ ಫೈಲಿನ ಆರಂಭಕ್ಕೆ 239, 187, 191 ಎಂಬ ಇನ್ನೂ ಮೂರು ಬೈಟುಗಳು ತಾವಾಗಿಯೇ ಸೇರುತ್ತಿದ್ದವು. ಬಿಒಎಂ ಎಂದು ಕರೆಯುವ ಈ ಗುರುತು ಎಡಿಟರಿನಲ್ಲಿ ಕಾಣದು, ಆದರೆ ಪಿಎಚ್‌ಪಿಗೆ ಅದೂ ಒಡಲಿನ ಪಠ್ಯವೇ. ನೋಟ್‌ಪ್ಯಾಡ್ ಈ ರೂಢಿಯನ್ನು 2019ರಲ್ಲಿ ಬಿಟ್ಟಿತಾದರೂ ಹಳೆಯ ಫೈಲುಗಳಲ್ಲಿ ಗುರುತು ಹಾಗೆಯೇ ಉಳಿದಿದೆ. ಎಚ್ಚರಿಕೆಯ ಆವರಣದಲ್ಲಿ ಸಾಲು 1 ಎಂದಿದ್ದು, ಆ ಸಾಲಿನಲ್ಲಿ ಆರಂಭಚಿಹ್ನೆಯ ಹೊರತು ಬೇರೇನೂ ಕಾಣದಿದ್ದರೆ, ಎಡಿಟರಿನಲ್ಲಿ ಬಿಒಎಂ ಇಲ್ಲದ ಯುಟಿಎಫ್-8 ಆಯ್ಕೆಯಿಂದ ಫೈಲನ್ನು ಮತ್ತೊಮ್ಮೆ ಉಳಿಸಿ ನೋಡಬೇಕು: ಫೈಲು ಮೂರು ಬೈಟು ಹಗುರಾಗುತ್ತದೆ, ಲಾಗಿನ್ ಕೆಲಸ ಮಾಡುತ್ತದೆ.