ಕಾವೇರಿಗೇ ಬಾಯಾರಿಕೆ ಎಂದು ಹಾಡಿದ ಹುಡುಗರು!

ಹೀರೋ ಇಲ್ಲ, ಹೀರೋಯಿನ್ ಇಲ್ಲ, ಫೈಟಿಂಗ್ ಇಲ್ಲ. ಪಿಚ್ಚರ್ರೇ ಇಲ್ಲ! ಬರೀ ಹಾಡು. ಆದರೂ ಬಣ್ಣದ ಬಟ್ಟೆ ತೊಟ್ಟ ಗಾಯಕ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯುತ್ತಾ ಬಂದನೆಂದರೆ ಶಿಳ್ಳೆಯೋ ಶಿಳ್ಳೆ. ನಮ್ಮ ಕಡೆ ಜಾತ್ರೆಯಲ್ಲಿ ಕುಣಿಯುತ್ತಲ್ಲ, ಅದೇ ಕುದುರೆ ಸ್ವಾಮಿ! ಹಿಂದೆ ತಮಟೆ ಬದಲು ಡ್ರಮ್ಸು, ಬೇಸ್ ಗಿಟಾರು, ಅಷ್ಟೇ ವ್ಯತ್ಯಾಸ.

ಇದು ಬೆಂಗಳೂರಿನ ‘ಸ್ವರಾತ್ಮ’ ತಂಡ. ಗಾಯಕ ವಾಸು ದೀಕ್ಷಿತ್ ಮೈಸೂರಿನವರು. ಹೆಸರು ಕೇಳಿದ ಕೂಡಲೇ ಏನೋ ನೆನಪಾಯಿತೇ? ಹೌದು, 2008ರ ‘ಸೈಕೋ’ ಚಿತ್ರದಲ್ಲಿ ಮಾದಪ್ಪನ ಹಾಡಿಗೆ ಗಿಟಾರ್ ಕೂಡಿಸಿ ಹಳ್ಳಿ ಹಳ್ಳಿಯಲ್ಲೂ ಗುನುಗುವಂತೆ ಮಾಡಿದ ರಘು ದೀಕ್ಷಿತ್ ಅವರ ತಮ್ಮ. ಅಣ್ಣ ಗಾಂಧಿನಗರಕ್ಕೂ ಕಾಲಿಟ್ಟರು. ತಮ್ಮನ ತಂಡ ಮಾತ್ರ ಸಿನಿಮಾದ ಕರೆಗಾಗಿ ಕಾದು ಕೂರಲಿಲ್ಲ.

ಶುರುವಾದದ್ದು 2002ರಲ್ಲಿ. ಆಗಿನ ಬೆಂಗಳೂರಿನಲ್ಲಿ ರಾಕ್ ಅಂದರೆ ಇಂಗ್ಲಿಷು, ಉದ್ದ ಕೂದಲು, ಕಾಲೇಜು ಫೆಸ್ಟು. ಇವರು ಹಿಡಿದದ್ದು ಬೇರೆ ದಾರಿ. 2006ರಲ್ಲಿ ರೇಡಿಯೋ ಸಿಟಿಯವರು ನಡೆಸಿದ ಸ್ಪರ್ಧೆ ಗೆದ್ದ ಮೇಲೆ ನಾಲ್ಕು ಜನ ತಿರುಗಿ ನೋಡಿದರು. 2009ರಲ್ಲಿ ತಂಡದ ಹೆಸರಿನಲ್ಲೇ ಮೊದಲ ಆಲ್ಬಂ. ಜಿಷ್ಣು ದಾಸ್‌ಗುಪ್ತಾ ಬೇಸ್ ಗಿಟಾರು, ಮಾಂಟ್ರಿ ಮ್ಯಾನುಯೆಲ್ ಡ್ರಮ್ಸು, ಪವನ್ ಕುಮಾರ್ ನಮ್ಮ ನೆಲದ ತಾಳವಾದ್ಯ, ವರುಣ್ ಮುರಳಿ ಗಿಟಾರು, ಸಂಜೀವ್ ನಾಯಕ್ ಪಿಟೀಲು. ರಾಕ್ ತಂಡದಲ್ಲಿ ಪಿಟೀಲೇ ಅಂತ ಮೂಗು ಮುರೀಬೇಡಿ. ಗಿಟಾರ್ ಅಬ್ಬರಿಸುವ ಕಡೆ ಅದು ನುಗ್ಗುತ್ತೆ, ದುಃಖದ ಕಡೆ ಅದೇ ಅಳುತ್ತೆ. ಆ ಆಲ್ಬಂನಲ್ಲಿ ಕನ್ನಡದ ‘ಈ ಭೂಮಿ’ಯೂ ಇದೆ.

ಆದರೆ ಮಂಡ್ಯದವರು ಕಿವಿಗೊಡಬೇಕಾದ ಹಾಡೇ ಇನ್ನೊಂದು. ಹೆಸರು ‘ಪ್ಯಾಸಿ’. ಅಂದರೆ ಬಾಯಾರಿದವಳು. ಯಾರು ಅಂತೀರಾ? ಸಾಕ್ಷಾತ್ ಕಾವೇರಿ!

ಕೊಪ್ಪದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವವರಿಗೆ, ಮದ್ದೂರು ಮಳವಳ್ಳಿ ಕಡೆ ನಾಲೆಯ ಕೊನೆಯಲ್ಲಿ ನೀರಿಗಾಗಿ ರಾತ್ರಿಯೆಲ್ಲಾ ಕಾಯುವವರಿಗೆ ಕಾವೇರಿ ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಿಲ್ಲ. 1991ರ ಮಧ್ಯಂತರ ತೀರ್ಪು, ಆಮೇಲಿನ ಗಲಭೆ ಕಂಡಿದ್ದೇವೆ. 2007ರಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ 419 ಟಿಎಂಸಿ, ನಮಗೆ 270 ಅಂದಾಗ ಹೊಟ್ಟೆ ಉರಿದದ್ದೂ ಸುಳ್ಳಲ್ಲ. ಅದಾದ ಎರಡೇ ವರ್ಷಕ್ಕೆ ಬಂದ ಹಾಡು ಇದು. ಎರಡು ರಾಜ್ಯಗಳ ಜಗಳದ ನಡುವೆ ನದಿಯ ಸಂಕಟವನ್ನೇ ಹಾಡುತ್ತೆ, ನಮ್ಮ ಪರವಾಗಿ ಘೋಷಣೆ ಕೂಗೋದಿಲ್ಲ.

ಇದೇನಯ್ಯಾ, ಮೈಸೂರಿನ ಹುಡುಗ ನಮ್ಮ ಕಡೆ ನಿಲ್ಲಬಾರದಿತ್ತೇ ಅನ್ನೋರು ಇರಬಹುದು. ನಾನು ಒಪ್ಪೋದಿಲ್ಲ. ಚಳವಳಿಯ ವೇದಿಕೆ ಹತ್ತಿ ಮೈಕು ಹಿಡಿಯೋದಕ್ಕೆ ನಮ್ಮ ತಾರೆಯರಿದ್ದಾರೆ, ಆ ಕೆಲಸ ಅವರು ಮಾಡಲಿ. ಹೊಳೆಯೇ ಬತ್ತಿದ ವರ್ಷ ಯಾರ ಪಾಲು ಎಷ್ಟಾದರೇನು? ಅದನ್ನು ಯಾರೋ ಒಬ್ಬರು ಹೇಳಲೇಬೇಕಿತ್ತು. ನನ್ನ ತಕರಾರು ಬೇರೆ. ನಮ್ಮ ಕಾವೇರಮ್ಮನ ಹಾಡಿಗೆ ಹಿಂದಿ ಹೆಸರು ಯಾಕೆ? ದೇಶಾದ್ಯಂತ ಕೇಳಲಿ ಅಂತ ಇರಬಹುದು. ಆದರೆ ಕನ್ನಂಬಾಡಿ ಕಟ್ಟೆ ಕೆಳಗಿನವರ ಬಾಯಿಗೆ ಅದು ಅಷ್ಟು ಸಲೀಸಾಗಿ ಹತ್ತಲಿಲ್ಲ. ಅಣ್ಣನ ಮಾದಪ್ಪನ ಹಾಡು ಹತ್ತಿತಲ್ಲ!

ಆಮೇಲೆ ಧಾಟಿ ಬದಲಾಯಿತು. 2011ರಲ್ಲಿ ಹಿಂದೂಸ್ತಾನಿ ಗಾಯಕಿ ಶುಭಾ ಮುದ್ಗಲ್ ಜೊತೆ ‘ದೂರ್ ಕಿನಾರಾ’. 2012ರಲ್ಲಿ ಎರಡನೇ ಆಲ್ಬಂ ‘ಟೋಪಿವಾಲೆ’, ನಿರ್ಮಾಣದ ಹೊಣೆ ಶಂಕರ್-ಎಹಸಾನ್-ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ ಅವರದು. ಟೋಪಿ ಹಾಕೋರು ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕೇ? ಅದರಲ್ಲೇ ‘ಗುಮ್’ ಎಂಬ ಹಾಡೂ ಇದೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ. ಯಾವ ನಿರ್ಮಾಪಕ ಇಂಥ ಹಾಡಿಗೆ ದುಡ್ಡು ಹಾಕುತ್ತಾನೆ ಹೇಳಿ?

ಮೂರನೇ ಆಲ್ಬಂ ‘ರಾಹ್-ಎ-ಫಕೀರಾ’ ಬಂದದ್ದು 2018ರಲ್ಲಿ. ಅದೇ ವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲಿಗೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಮಳೆ ಬಾರದ ವರ್ಷದ ಜಗಳ ಮಾತ್ರ ಹಾಗೇ ಉಳಿಯಿತು.

ವಾಸು ಅವರೇ, ‘ವಾಸು ದೀಕ್ಷಿತ್ ಕಲೆಕ್ಟಿವ್’ ಅಂತ ಇನ್ನೊಂದು ತಂಡ ಕಟ್ಟಿ ಕನ್ನಡದಲ್ಲಿ ಹಾಡುತ್ತಿದ್ದೀರಿ, ಸಂತೋಷ. ಒಮ್ಮೆ ಕುದುರೆ ಕಟ್ಟಿಕೊಂಡು ಕೊಪ್ಪದ ಕಡೆ ಬನ್ನಿ. ಬಾಯಾರಿದವಳ ಹಾಡನ್ನು ಕನ್ನಡದಲ್ಲೇ ಹಾಡಿ. ಶಿಳ್ಳೆ ಹೊಡೆಯೋ ಜವಾಬ್ದಾರಿ ನಮ್ಮದು!